ಅಡಿಗೆಮನೆಯ ಹೊಸ್ತಿಲು

ಮಗಳು ಮೊದಲ ಸಲ ಹೊಸ್ತಿಲು ದಾಟಿದ್ದು ಗುರುವಾರ, ಬೆಳಗಿನ ರೊಟ್ಟಿಯ ಹೊತ್ತಿನಲ್ಲಿ. ಅದನ್ನು ಕಂಡವಳು ಸಾರಿಕಾ ಒಬ್ಬಳೇ.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ಮಹಡಿಯ ಮೇಲಿನ ಬಾಡಿಗೆ ಮನೆ. ಗಂಡ ಅಮೋಲ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೊರಟನೆಂದರೆ ಮನೆಯಲ್ಲಿ ತಾಯಿ ಮತ್ತು ಕೂಸು, ಇಬ್ಬರೇ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಸಾರಿಕಾ ಮಗಳು ಪ್ರಾಜಕ್ತಾ ಹುಟ್ಟಿದ ಮೇಲೆ ನೌಕರಿ ಬಿಟ್ಟಿದ್ದಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಬಹುಶಃ ಅದಕ್ಕೇ ಎಲ್ಲರೂ ಕೇಳುತ್ತಿದ್ದರು, "ದಿನಾ ಪೂರ್ತಿ ಮನ್ಯಾಗ ಕುಂತು ಏನ್ ಮಾಡ್ತೀರಿ?"

ಏನೆಂದು ಹೇಳುವುದು? ಕೆಳಗೆ ಕಂಡಕ್ಟರ್ "ನಿಪ್ಪಾಣಿ, ನಿಪ್ಪಾಣಿ" ಎಂದು ಕೂಗಿದರೆ ಕಿಟಕಿಯ ಸರಳು ಹಿಡಿದ ಕೂಸು ತಾನೂ "ಪಾ, ಪಾ" ಎಂದು ಬಸ್ಸು ತುಂಬಿಸುತ್ತದೆ. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ಮೊದಲು ತಾಯಿಯ ಮುಖ ನೋಡುತ್ತದೆ, ಅಲ್ಲಿ ನಗು ಕಂಡರಷ್ಟೇ ತಾನೂ ನಗುತ್ತದೆ. ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಕೊಟ್ಟು ಮಲಗಿಸಿದ ಮೇಲೆ ಆ ನೆತ್ತಿಯ ವಾಸನೆಯನ್ನು ಮೂಸುತ್ತ ಸುಮ್ಮನೆ ಕುಳಿತುಬಿಟ್ಟರೆ ಮಧ್ಯಾಹ್ನ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಕೇಳಿದವರಿಗೆ ಇದನ್ನೆಲ್ಲ ಹೇಳಲಾಗದೆ ಸಾರಿಕಾ, "ಏನಿಲ್ರಿ, ಕೂಸಿನ ಕೆಲಸ" ಎನ್ನುತ್ತಿದ್ದಳು.

ಅತ್ತೆ ದುಂಡವ್ವ ಇರುವುದು ಜುಗೂಳದಲ್ಲಿ, ಹೊಳೆಯ ದಂಡೆಯ ಕಬ್ಬಿನ ಹೊಲ ನೋಡಿಕೊಂಡು. ಆ ಮನೆತನದಲ್ಲಿ ಒಂದು ಪದ್ಧತಿ. ಅಂಬೆಗಾಲಿಡುವ ಕೂಸು ಮೊದಲ ಸಲ ಯಾವ ಹೊಸ್ತಿಲು ದಾಟುತ್ತದೆಯೋ ಆ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಓಣಿಯ ಹೆಣ್ಣುಮಕ್ಕಳಿಗೆ ಹೋಳಿಗೆ ಉಣಬಡಿಸಬೇಕು. ತಲೆತಲಾಂತರದಿಂದ ಅದು ಜುಗೂಳದ ದೊಡ್ಡ ಮನೆಯ ತಲೆಬಾಗಿಲ ಹೊಸ್ತಿಲೇ. ಹೀಗಾಗಿ ದುಂಡವ್ವ ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದಳು.

"ಐತವಾರ ಇಲ್ಲಿ ಕರಕೊಂಡ ಬರ್ರಿ. ಅಲ್ಲೀತನಕ ಬಾಗಲಕ ಹಲಗಿ ಅಡ್ಡ ಇಡ್ರಿ. ಹುಷಾರ್ ಮತ್ತ, ನಾ ಓಣಿಗೆಲ್ಲಾ ಹೇಳೇನಿ."

ಸಾರಿಕಾ ಹಲಗೆ ಇಟ್ಟಿದ್ದಳು. ಗುರುವಾರ ಹಿಟ್ಟಿನ ಡಬ್ಬಿ ತರಲು ಅದನ್ನು ಸರಿಸಿದವಳು ಮತ್ತೆ ಇಡಲು ಮರೆತಳು. ಅಡಿಗೆಮನೆಯ ಬಾಗಿಲಿಗೆ ಇದ್ದದ್ದು ಬೆರಳೆತ್ತರದ ಕರಿಕಲ್ಲಿನ ಪಟ್ಟಿ, ಅದನ್ನೇ ಹೊಸ್ತಿಲು ಎನ್ನಬೇಕು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಕೂಸು ಅಲ್ಲಿಗೆ ಬಂತು. ಬಲಗೈ ಈಚೆ ಇಟ್ಟಿತು. ಹೊಟ್ಟೆ ಕಲ್ಲಿಗೆ ತಾಗಿದ್ದೇ ತಡ, ಅಲ್ಲೇ ನಿಂತು ತಾಯಿಯ ಕಡೆ ನೋಡಿತು.

ಎತ್ತಿ ಆಚೆ ಕೂರಿಸಬಹುದಿತ್ತು. ಸಾರಿಕಾಳ ಕೈ ನಿಂತಿತು. ಆಮೇಲೆ ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ. ಕೂಸು ಮುಸುಗುಟ್ಟಿ ಒಂದು ಮೊಣಕಾಲು ಎಳೆದುಕೊಂಡಿತು, ಇನ್ನೊಂದನ್ನೂ ಎಳೆದುಕೊಂಡಿತು. ಬಂದದ್ದೇ ಹಿಟ್ಟಿನ ಪರಾತಿಗೆ ಕೈ ಹಾಕಿತು. ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಿಯಾದದ್ದು ಸಾರಿಕಾಳಿಗೆ ಗೊತ್ತೇ ಆಗಲಿಲ್ಲ.

ಸಂಜೆ ಅಮೋಲನಿಗೆ ಹೇಳಿದಾಗ ಅವನು ಮೊದಲು ಕೂಸನ್ನೆತ್ತಿ ಕುಣಿದ. ಆಮೇಲೆ ಕುಣಿತ ನಿಲ್ಲಿಸಿದ.

"ಅವ್ವಗ ಹೇಳಬ್ಯಾಡ. ಐತವಾರ ಅಲ್ಲಿ ಮತ್ತ ದಾಟ್ತಾಳ, ಅದ ಮೊದಲನೇದು ಅಂದ್ರಾತು. ಕೂಸಿಗೇನ್ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ರಿ."

"ವಕೀಲನ ಹೇಣ್ತಿ ಆಗಿ ಒಂದ ಸಾಕ್ಷಿ ಮುಚ್ಚಾಕ ಬರಂಗಿಲ್ಲ ನಿನಗ," ಎಂದು ಅವನು ನಕ್ಕ. ಅವಳು ನಗಲಿಲ್ಲ. ಗುರುವಾರದ ಆ ಗಳಿಗೆ ಅವಳದಾಗಿತ್ತು. ಸುಮ್ಮನಿದ್ದರೆ ಅದು ಆಗಲೇ ಇಲ್ಲವೆಂದಾಗುತ್ತದೆ. ಹೇಳಿದರೆ ಅತ್ತೆಯ ಸಂಭ್ರಮ ಕೆಡುತ್ತದೆ.

ಐತವಾರ ಜುಗೂಳದ ಪಡಸಾಲೆ ತುಂಬಿತ್ತು. ತಲೆಬಾಗಿಲ ಸಾಗವಾನಿ ಹೊಸ್ತಿಲು ಕೂಸಿನ ಎದೆಯೆತ್ತರಕ್ಕಿತ್ತು. ಪ್ರಾಜಕ್ತಾ ಅದರ ಮುಂದೆ ಕುಳಿತು ಅರಿಸಿನ ನೆಕ್ಕಿದಳೇ ಹೊರತು ಅಲುಗಲಿಲ್ಲ. ದುಂಡವ್ವ ಆಚೆಯಿಂದ ಬಳೆ ಸಪ್ಪಳ ಮಾಡಿ ಕರೆದಳು, ಬೆಲ್ಲ ತೋರಿಸಿದಳು.

"ಪ್ಯಾಟಿ ಕೂಸ ಬೇ ಇದು, ಲಿಫ್ಟ್ ಬೇಕಂತೈತಿ," ಎಂದಳು ನೆರೆಮನೆಯ ಅಕ್ಕುತಾಯಿ. ಎಲ್ಲರೂ ನಕ್ಕರು.

"ಅವ್ವ ನೌಕರಿ ಬಿಟ್ಟ ಮನ್ಯಾಗ ಕುಂತಾಳಂತ. ಇಷ್ಟೂ ಕಲಿಸಿಲ್ಲೇನ ಹಂಗಾರ?" ಎಂದಳು ಇನ್ನೊಬ್ಬಳು.

"ಹೊತ್ತಾತು, ಹೋಳಿಗಿ ಆರಾಕತ್ತಾವ. ಎತ್ತಿ ದಾಟಸಿಬಿಡೂಣು," ಎನ್ನುತ್ತ ಅಕ್ಕುತಾಯಿ ಕೂಸಿನ ಕಂಕುಳಿಗೆ ಕೈ ಹಾಕಿದಳು.

"ಎತ್ತಬ್ಯಾಡ್ರಿ!" ಸಾರಿಕಾಳ ದನಿ ಅವಳಿಗೇ ದೊಡ್ಡದೆನಿಸಿತು. "ಆಕಿ ದಾಟ್ಯಾಳ್ರಿ. ಗುರುವಾರ, ನಮ್ಮ ಅಡಗಿಮನ್ಯಾಗ. ಯಾರೂ ಎತ್ತಿಲ್ಲ, ತಾನ ದಾಟ್ಯಾಳ. ತಪ್ಪ ತಿಳಕೋಬ್ಯಾಡ್ರಿ ಅತ್ತಿ, ಹಲಗಿ ಇಡೂದ ಮರತೆ."

ಅಮೋಲ ಕಂಬಕ್ಕೆ ಒರಗಿ ಮೇಲೆ ಜಂತಿ ನೋಡತೊಡಗಿದ. ದುಂಡವ್ವ ಕೈಯಲ್ಲಿನ ಕಾಯಿಯನ್ನು ಇಳಿಸದೆ ಕೇಳಿದಳು.

"ಬಲಗೈ ಮೊದಲ ಇಟ್ಲೋ, ಎಡಗೈಯೋ?"

"ಬಲಗೈ ರಿ."

"ಆಮ್ಯಾಗ?"

ಸಾರಿಕಾ ಹೇಳಿದಳು. ಹೊಟ್ಟೆ ತಾಗಿದ್ದು, ಮುಸುಗುಟ್ಟಿದ್ದು, ರೊಟ್ಟಿ ಸುಟ್ಟದ್ದು, ತಾನು ಬೇಕೆಂದೇ ಜೋರಾಗಿ ಬಡಿದದ್ದು. ಹೇಳುತ್ತ ಹೇಳುತ್ತ ಅವಳ ಅಂಜಿಕೆ ಹೋಯಿತು. ಕೈ ತಾನಾಗಿ ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿತ್ತು.

ದುಂಡವ್ವ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಆಮೇಲೆ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು.

"ಅಮೋಲ ದಾಟಿದ್ದು ಇದ ಹೊಸ್ತಲಾ. ನಾ ಕಬ್ಬಿನಾಗ ಒಣಗಿದ ಎಲಿ, ರವದಿ ಸುಲ್ಯಾಕ ಹೋಗಿದ್ದೆ. ಸಂಜಿಕ ಬಂದ ಮ್ಯಾಗ ನಮ್ಮತ್ತಿ ಹೇಳಿದ್ರು, ನಿನ್ನ ಮಗಾ ದಾಟ್ಯಾನ ಅಂತ. ಬಲಗೈಯೋ ಎಡಗೈಯೋ, ಅವರೂ ನೋಡಿದ್ದಿಲ್ಲ. ನನಗಂತೂ ಕೇಳಿ ಕೇಳಿ ಸಾಕಾತು." ಅವಳು ಮೊಮ್ಮಗಳ ಗದ್ದದ ಮೇಲಿನ ಅರಿಸಿನ ಒರೆಸಿದಳು. "ಎಲ್ಲಾರೂ ಉಣ್ರಿ. ಕಾಯಿ ಇಲ್ಲಿ ಒಡ್ಯೂದಲ್ಲ. ಅಮೋಲಾ, ಗಾಡಿ ತಗಿ."

"ಅವ್ವಾ, ಅದು ಬಾಡಿಗಿ ಮನಿ ಬೇ. ಮಾಲಕರು ಏನಂತಾರೋ!"

"ಹೊಸ್ತಲಾ ಅವರದಿರಲಿ. ದಾಟಿದಾಕಿ ನಮ್ಮಾಕಿ ಹೌದಿಲ್ಲೋ?"

ಹೊತ್ತು ಮುಳುಗುವ ಮುನ್ನ ದುಂಡವ್ವ ಚಿಕ್ಕೋಡಿಯ ಅಡಿಗೆಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕರಿಕಲ್ಲಿಗೆ ಅರಿಸಿನ ಹಚ್ಚುತ್ತಿದ್ದಳು. ಕಾಯಿ ಒಡೆದ ಸಪ್ಪಳಕ್ಕೆ ಮನೆಯ ಮಾಲಕರ ಹೆಂಡತಿ ಮೇಲೆ ಬಂದಳು, ಹಿಂದೆ ಓಣಿಯ ನಾಲ್ಕೈದು ಹೆಣ್ಣುಮಕ್ಕಳೂ ಬಂದರು. ಜುಗೂಳದಿಂದ ತಂದ ಹೋಳಿಗೆಯ ಬುಟ್ಟಿ ಬಿಚ್ಚಿಕೊಂಡಿತು.

"ಯಾವಾಗ ದಾಟಿದ್ಲರಿ ಕೂಸು? ಹೆಂಗ ದಾಟಿದ್ಲು?" ಎಂದು ಮಾಲಕರ ಹೆಂಡತಿ ದುಂಡವ್ವನನ್ನು ಕೇಳಿದಳು.

"ನನಗ ಕೇಳಬ್ಯಾಡ್ರಿ," ಎಂದಳು ದುಂಡವ್ವ, ಸೊಸೆಯ ಕಡೆ ಕೈ ಮಾಡಿ. "ಆಕಿನ್ನ ಕೇಳ್ರಿ. ಮನ್ಯಾಗ ಆಕಿ ಇದ್ಲು."

ಎಲ್ಲರೂ ಸಾರಿಕಾಳ ಕಡೆ ತಿರುಗಿದರು. ಅವಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಬಂದು ನಿಂತು, ಅವಸರವಿಲ್ಲದೆ, ಹಿಟ್ಟಿನ ಡಬ್ಬಿ ಎಲ್ಲಿತ್ತು ಎಂಬಲ್ಲಿಂದ ಶುರುಮಾಡಿದಳು.