ಅಪ್ಪನ ಕಲ್ಲು

ಊರಿನ ಸತ್ತವರಿಗೆಲ್ಲ ಸಮಾಧಿಯ ಕಲ್ಲು ಕೆತ್ತಿಕೊಟ್ಟವನು ಸ್ವಂತ ಅಪ್ಪನ ಕಲ್ಲಿನ ಮೇಲೆ ಎರಡು ವರ್ಷ ಟೀ ಲೋಟ ಇಡುತ್ತಿದ್ದ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಈ ಕಲ್ಕುಟಿಗ ಮಾಡಿದ್ದು ಅದನ್ನೇ.

ಅವನೇನೂ ಸೋಮಾರಿಯಲ್ಲ. ಅಂಗಡಿ ಅಪ್ಪನದು, ಉಳಿ ಹಿಡಿಯಲು ಕಲಿಸಿದವನೂ ಅಪ್ಪನೇ. ಮಗ ಕೆತ್ತಿದ ಪ್ರತಿ ಸಾಲನ್ನೂ ಒಂದು ಕಣ್ಣು ಮುಚ್ಚಿ ನೋಡಿ, "ವಾಲಿದೆ" ಎನ್ನುತ್ತಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಬಾಯಿಂದ ಬಂದದ್ದೇ ಇಲ್ಲ. ಅಂಥವನ ಹೆಸರು ಕೆತ್ತಲು ಕೂತರೆ ಕೈಯೇ ಏಳುತ್ತಿರಲಿಲ್ಲ. ಸೀಸದಕಡ್ಡಿಯಲ್ಲಿ ಬರೆಯುವುದು, ಒರೆಸುವುದು. ಕೊನೆಗೆ ಕಲ್ಲನ್ನು ಇಟ್ಟಿಗೆಗಳ ಮೇಲೆ ಅಡ್ಡ ಮಲಗಿಸಿ, ನಾಳೆ ನೋಡೋಣ ಅಂದ. ಆ ನಾಳೆ ಬರಲಿಲ್ಲ; ಕಲ್ಲಿನ ಮೇಲೆ ಊಟದ ಡಬ್ಬಿ ಬಂತು.

ತಾಯಿ ಕೇಳಿದಾಗಲೆಲ್ಲ ಒಂದೊಂದು ಸುಳ್ಳು. ಹೆಸರು ಆಯ್ತು, ತಾರೀಕು ಆಯ್ತು, ಪಾಲಿಷ್ ಒಂದು ಬಾಕಿ. ಅವಳ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. "ಕಾಣೋವಾಗ್ಲೇ ಒಂದ್ಸಲ ಓದ್ಕೊಂಡ್ಬಿಡ್ತೀನಿ ಕಣೋ," ಅಂದಿದ್ದಳು. ಅವಳು ಮಗನನ್ನು ಕೇಳಿದ್ದು ಅದೊಂದೇ.

ಒಂದು ಮಧ್ಯಾಹ್ನ, ಕಾದು ಕಾದು ಸಾಕಾಗಿ, ಗೋಡೆ ಸವರಿಕೊಂಡು ಅವಳೇ ಅಂಗಡಿಗೆ ಬಂದಳು. "ನಮ್ಮನೆಯವರ ಕಲ್ಲೆಲ್ಲಿ? ಅಂಚಲ್ಲಿ ಬಿಳಿ ಗೆರೆ ಇರೋದು. ನಾನೇ ಆರಿಸಿದ್ದು."

ಪಾಲಿಷ್ ಮಾಡುವವನು ಹೊಸಬ, ಒಳಗಿನ ಸಂಗತಿ ಒಂದೂ ತಿಳಿಯದು. "ಬಿಳಿ ಗೆರೇದಾ? ಅದು ನಮ್ಮ ಊಟದ ಮೇಜಲ್ವಾ ಅಮ್ಮ!" ಎಂದು ನಕ್ಕು, ಡಬ್ಬಿ ಲೋಟ ಸರಿಸಿ ಜಾಗ ಮಾಡಿಕೊಟ್ಟ.

ಕಲ್ಕುಟಿಗ ಕೈಲಿದ್ದ ಉಳಿ ಕೆಳಗಿಟ್ಟು ಎದ್ದು ಬಂದ. ತಾಯಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಏನೂ ಕಾಣಲಿಲ್ಲ. ಆಮೇಲೆ ಅಂಗೈಯಿಟ್ಟು ಸವರತೊಡಗಿದಳು. ಈ ಅಂಚಿನಿಂದ ಆ ಅಂಚಿಗೆ, ಮತ್ತೆ ಸ್ವಲ್ಪ ಕೆಳಗೆ, ನಿಧಾನವಾಗಿ. ಅಕ್ಷರ ಇದ್ದೇ ಇದೆ, ತನ್ನ ಕೈಗೇ ಸಿಗುತ್ತಿಲ್ಲ ಎಂಬಂತೆ ಹುಡುಕಿದಳು. ಮಗನ ಮಾತನ್ನು ಅವಳು ಅಷ್ಟು ನಂಬಿದ್ದಳು. ಬೆರಳಿಗೆ ಹತ್ತಿದ್ದು ಟೀಯ ಅಂಟು. ಅವನಿಗೆ ನಾಚಿಕೆಯಿಂದ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಮ್ಮಾ, ಕೆತ್ತೇ ಇಲ್ಲ. ಒಂದಕ್ಷರಾನೂ ಇಲ್ಲ. ಎಲ್ಲಾ ಸುಳ್ಳು ಹೇಳ್ದೆ. ಅಪ್ಪ ನೋಡ್ತಾ ನಿಂತಿದಾರೆ ಅನ್ಸುತ್ತೆ, ಕೈ ಬರಲ್ಲ."

"ಅವರೆಲ್ಲಿ ನೋಡ್ತಾರೋ," ಎನ್ನುತ್ತ ತಾಯಿ ಬೆರಳು ಒರೆಸಿಕೊಂಡಳು. "ನನಗೂ ಇನ್ನು ಕಾಣಲ್ಲ. ಆಳವಾಗಿ ಕೆತ್ತು. ಬೆರಳಲ್ಲೇ ಓದ್ಬೇಕಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ತಲೆ ಎತ್ತದೆ ಕಲ್ಲು ತೊಳೆದ, ಅಗಲ ಬಾಯಿಯ ಉಳಿ ಹುಡುಕಿ ತಂದ. ಅವಳ ಬೆರಳು ಹಿಡಿಸಬೇಕಾದರೆ ಗೆರೆ ಎಷ್ಟು ಅಗಲ ಇರಬೇಕು ಎಂದು ಅಂದಾಜು ಮಾಡುತ್ತಿರುವಾಗಲೇ ಮೊದಲ ಏಟು ಬಿದ್ದುಹೋಗಿತ್ತು.

ಒಂದು ಅಕ್ಷರ ಮುಗಿಯುವವರೆಗೂ ಅವಳು ಸ್ಟೂಲಿನಿಂದ ಏಳಲಿಲ್ಲ. ಅವನು ಕಣ್ಣೊರೆಸಿಕೊಂಡು, ಅವಳ ಕೈ ಹಿಡಿದು ಅದರ ಮೇಲಿಟ್ಟ. ಅವಳು ದೂಳು ಊದಿ, ತೋರುಬೆರಳನ್ನು ಗೆರೆಯೊಳಗೆ ಇಳಿಸಿ, ಪೂರ್ತಿ ಒಂದು ಸುತ್ತು ಆಡಿಸಿದಳು.

"ವಾಲಿದೆ," ಅಂದಳು. "ಇರ್ಲಿ, ಮುಂದಿನದು ಕೆತ್ತು."