ಕತ್ತಲೆಕೋಣೆಯ ಪುಟ್ಟ ದೀಪ

ಸಂಜೆ ನಾಲ್ಕರೊಳಗೆ ಜೀವಕೋಶಗಳ ಒಂದಾದರೂ ಚಿತ್ರ ಹೋಗದಿದ್ದರೆ ಸಮ್ಮೇಳನದ ಬಾಗಿಲು ಮುಚ್ಚಿದ ಹಾಗೆ, ಆರತಿಯ ಎರಡು ವರ್ಷದ ಪಾಡೆಲ್ಲ ನೀರುಪಾಲು.

ಧಾರವಾಡದ ಆ ಲ್ಯಾಬಿನ ಸೂಕ್ಷ್ಮದರ್ಶಕ ಬಲು ನಾಜೂಕಿನದು. ಅದಕ್ಕೆ ಲೈಟು ಗೀಟು ಬೇಡ. ಗಾಜಿನ ತಟ್ಟೆಗೆ ಚೂರು ಕರೆಂಟು ಕೊಟ್ಟರೆ ಸಾಕು, ಕೋಶಗಳಿಗೆ ಅಂಟಿದ ರಾಸಾಯನಿಕ ತಾನೇ ಮಿನುಗುತ್ತದೆ, ಕ್ಯಾಮೆರಾ ಹಿಡಿಯುತ್ತದೆ. ಕೋಣೆ ಮಾತ್ರ ಕಗ್ಗತ್ತಲಾಗಿರಬೇಕು; ತಟ್ಟೆ ಹೊಂದಿಸಲು ಆರತಿ ದಿನಾ ಆ ಕತ್ತಲಲ್ಲೇ ಗಂಟೆಗಟ್ಟಲೆ ಕೂರುತ್ತಿದ್ದಳು. ಬೆಳಿಗ್ಗೆ ಹೊರಗಿನ ಕಂಪ್ಯೂಟರಿನಲ್ಲಿ ಬೆಳಕು ಕಂಡಾಗ ಹುಡುಗಿ ಕುಣಿದದ್ದೇ ಕುಣಿದದ್ದು! ಗೈಡ್ ಪ್ರಭಾವತಿ ಮೇಡಂ ಕುಣಿಯಲಿಲ್ಲ.

"ಕರೆಂಟ್ ಬಂದ್ ಮಾಡಿ ನೋಡೀಯೇನವಾ?"

ನೋಡಿರಲಿಲ್ಲ. ಈಗ ನೋಡಿದಳು. ಕರೆಂಟಿಲ್ಲದೆಯೂ ಅಷ್ಟೇ ಬೆಳಕು! ಅಂದರೆ ಅದು ಕೋಶದ್ದಲ್ಲ, ಎಲ್ಲಿಂದಲೋ ನುಸುಳಿದ್ದು. ಆರತಿಗೆ ಅಳುವೇ ಬಂತು. ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿದಳು, ಕರಿ ಪರದೆಗೆ ಪಿನ್ನು ಚುಚ್ಚಿದಳು. ಊಹುಂ. ಗಂಟೆ ಮೂರಾಯಿತು.

"ಒಳಗ ಯಾವ ಬೆಳಕೂ ಇಲ್ಲರಿ ಮೇಡಂ, ಆಣಿ ಮಾಡಿ ಹೇಳ್ತೇನಿ!"

ಕಸ ಗುಡಿಸುತ್ತಿದ್ದ ಹೊಳೆವ್ವನ ಪೊರಕೆ ನಿಂತಿತು. ಹೆಂಗಸು ಒಳಹೋಗಿ, ಯಂತ್ರದ ಹಿಂದೆ ಕೈಹಾಕಿ, ಬಸವಣ್ಣನ ಫೋಟೊ ಮುಂದಿದ್ದ ಹೆಬ್ಬೆರಳಿನಷ್ಟು ದೀಪ ತಂದಳು. ಸೆಲ್ಲಿನದು. ಸೆಲ್ಲು ಮುಗಿಯಲು ಬಂದು, ಕಣ್ಣಿಗೆ ಕಾಣದಷ್ಟು ಮಂಕಾಗಿತ್ತು.

"ಸೋಮವಾರ ಇಟ್ಟಿದ್ನಿ. ಎಣ್ಣಿ ಇಲ್ಲ, ಹೊಗಿ ಇಲ್ಲ, ಏನಾಗತೈತಿ ಅಂದ್ಕೊಂಡ್ನಿ."

"ಹೊಳೆವ್ವಕ್ಕಾ! ನನ್ನ ಮನಿ ಮುರದಿ! ಕತ್ತಲಕೋಣ್ಯಾಗ ಯಾರರ ದೀಪಾ ಇಡ್ತಾರೇನು?"

"ದಿನಾ ಅಷ್ಟೊತ್ತು ಕತ್ತಲ್ಯಾಗ ನೀ ಒಬ್ಬಾಕೀನ ಕೂಡ್ತಿಯಲ್ಲವ್ವಾ. ನನ್ನ ಜೀವಾ ತಡೀಲಿಲ್ಲ."

ಆರತಿಯ ಸಿಟ್ಟು ಇಳಿಯಿತು. ದೀಪ ಆರಿಸಿ, ಕತ್ತಲೆಕೋಣೆಯ ಬಾಗಿಲು ಹಾಕಿಬಂದು ಕಂಪ್ಯೂಟರಿನ ಮುಂದೆ ಕೂತಳು. ಕರೆಂಟ್ ಬಂದ್: ಕಪ್ಪೋ ಕಪ್ಪು. ಚಾಲೂ: ಒಂದು, ಎರಡು, ಆಮೇಲೆ ಇಪ್ಪತ್ತು ಕೋಶಗಳು ಪುಟ್ಟ ಉಂಗುರಗಳಂತೆ ಹೊಳೆದವು. ಮತ್ತೆ ಬಂದ್ ಮಾಡಿದಳು, ಆರಿದವು. ಮತ್ತೆ ಚಾಲೂ.

"ಯವ್ವಾ, ಇವನ್ನ ಯಾರು ಹಚ್ಚಿದ್ರು?" ಹೊಳೆವ್ವ ಬಾಯಿಗೆ ಸೆರಗು ಹಿಡಿದಳು.

"ತಾವ ಹತ್ಕೊಂಡಾವು, ಅಕ್ಕಾ."

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಚಿತ್ರ ಹೋಯಿತು. ಮೇಡಂ ಚಹಾ ತರಿಸಿದರು.

ಮರುದಿನ ಆರತಿ ಕರಿ ಪರದೆ ಸರಿಸಿ ಒಳಹೋದರೆ, ಮೂಲೆಯ ಸ್ಟೂಲಿನ ಮೇಲೆ ಯಾರೋ ಕೂತಿದ್ದರು. ಹುಡುಗಿ ಹೌಹಾರಿದಳು.

"ನಾನವಾ, ಹೊಳೆವ್ವ. ದೀಪಾ ಬ್ಯಾಡಂದಿ, ಅದಕ್ಕ ನಾನ ಬಂದೇನಿ. ನೀ ಕೆಲಸಾ ಮಾಡು, ನಾ ಏನ್ ಬೆಳಗಂಗಿಲ್ಲ."