ಏಳನೆಯ ಗುಂಡಿಯ ಮಣ್ಣಿನ ಕಂಬ

“ಈ ಕಂಬಾನ ಯಾವ ಸೂಳೆಮಗ ಬಿಟ್ಟಿದ್ದು? ಲಾಸ್ ಏಂಜಲೀಸಿಗೆ ಬಂದ್ರೂ ಒಡ್ಡರ ಬುದ್ಧಿ ಬಿಡಲ್ವಲ್ಲೋ! ಎಲ್ಲಾ ಅಗಿ ಅಂದ್ರೆ ಅಗೀಬೇಕು!”

ಗುಂಡಿಯ ಅಂಚಿನಲ್ಲಿ ನಿಂತು ಕಾಂಟ್ರಾಕ್ಟರ್ ಏಕನಾಥ ಕಿರುಚುತ್ತಿದ್ದ. ಕೆಳಗೆ ನಾನು, ಕೈಯಲ್ಲಿ ಸಲಿಕೆ. ಬಿಟ್ಟವನು ನಾನೇ. ನಮ್ಮ ಬಾಗಲಕೋಟೆ ಕಡೆ ಕೆರೆ ಅಗೆಯುವಾಗ ನಡುವೆ ಒಂದಿಷ್ಟು ಮಣ್ಣನ್ನು ಮುಟ್ಟದೆ ಕಂಬದಂತೆ ಬಿಡುತ್ತೇವೆ. ಎಷ್ಟು ಆಳ ಅಗೆದೆವು, ಒಳಗೆ ಎಂಥ ಮಣ್ಣಿತ್ತು ಎಂದು ಯಾರು ಬೇಕಾದರೂ ಬಂದು ನೋಡಬಹುದು. ಮಣ್ಣಿನ ಕೆಲಸವನ್ನು ಈ ಬೋಳಿಮಗನಿಂದ ನಾನು ಕಲಿಯಬೇಕೆ?

ನಾನು ಅಮೆರಿಕಕ್ಕೆ ಬಂದದ್ದು ಗುಡಿಯ ಕಲ್ಲು ಕೆತ್ತಲು. ಕರೆತಂದವನು ಇದೇ ಏಕನಾಥ. ಗುಡಿ ಮುಗಿಯಿತು, ವೀಸಾ ಮುಗಿಯಿತು, ಏಕನಾಥನ ಕಾಟ ಮಾತ್ರ ಮುಗಿಯಲಿಲ್ಲ. ಈಗ ಈ ಗಾಲ್ಫ್ ಮೈದಾನ. ನೂರು ವರ್ಷದ ಹಿಂದೆ ಹೇಗಿತ್ತೋ ಹಾಗೇ ಆಗಬೇಕಂತೆ. ಹಳೆಯ ಫೋಟೋ ಹಿಡಿದು, ಎಂದೋ ಮುಚ್ಚಿಹೋದ, ಆಟದ ಚೆಂಡು ಸಿಕ್ಕಿಬೀಳಲೆಂದೇ ಮಾಡಿದ್ದ ಮರಳುಗುಂಡಿಗಳನ್ನೆಲ್ಲ ಮತ್ತೆ ತೋಡಿಸುತ್ತಿದ್ದರು. ಏಳನೆಯ ಗುಂಡಿಯಲ್ಲಿ ಮೊಳದಷ್ಟು ದಪ್ಪದ ಕರಿಮಣ್ಣು ಸಿಕ್ಕಿತು. ಸೀಮೆಎಣ್ಣೆಯಂಥ ನಾತ, ನಡುವೆ ತುಕ್ಕು ಹಿಡಿದ ಡ್ರಮ್ಮಿನ ಚೂರುಗಳು. ಏಕನಾಥ ಅದನ್ನು ಎರಡೇ ದಿನದಲ್ಲಿ ಲಾರಿಗೆ ತುಂಬಿಸಿ ಸಾಗಿಸಿಬಿಟ್ಟ. ಎಲ್ಲಿಗೆ ಎಂದು ಕೇಳಿದರೆ “ನಿಂಗ್ಯಾಕೋ?” ಅಂದ. ಅವತ್ತೇ ನನಗೆ ಅನುಮಾನ ಹತ್ತಿತು.

ನನ್ನ ಜೊತೆ ಅಗೆದವನು ಮೈಸೂರಿನ ಮುಜ್ತಬಾ. ಮೊದಲು ಅವನ ಅಂಗೈ ಸುಲಿಯಿತು, ಆಮೇಲೆ ಕೆಮ್ಮು ಶುರುವಾಯಿತು. ಈಗ ನಾಲ್ಕು ಹೆಜ್ಜೆ ನಡೆದರೆ ಕೂರುತ್ತಾನೆ. ಎಂಥ ಮಣ್ಣು ಮುಟ್ಟಿದ್ದೀಯ ಎಂದು ಡಾಕ್ಟರು ಕೇಳಿದಾಗ ಒಂದು ಹೆಂಟೆ ಒಯ್ಯಲು ಹೊರಟಿದ್ದ. “ಇದು ಈ ಗುಂಡೀದಲ್ಲ, ಯಾವ ಗ್ಯಾರೇಜಿಂದೋ” ಎಂದು ಏಕನಾಥ ಅದನ್ನು ಕಿತ್ತು ಬಿಸಾಡಿದ. ಇನ್ನು ಆ ಮಣ್ಣು ಇದೇ ಗುಂಡಿಯದು ಎಂದು ತೋರಿಸಲು ಉಳಿದದ್ದು ಆ ಕರಿಪದರ ಇನ್ನೂ ಎದ್ದು ಕಾಣುವ ಈ ಕಂಬ ಒಂದೇ.

ಮರುದಿನ ಮಧ್ಯಾಹ್ನ ಏಕನಾಥ ಬಿರಿಯಾನಿ ಕಟ್ಟಿಸಿಕೊಂಡು ಬಂದ.

“ವಿಜಯಣ್ಣ, ತಗೊಳ್ಳಿ. ಬಿಸಿಬಿಸಿ ಇದೆ.”

ನಿನ್ನೆ ಸೂಳೆಮಗ, ಇವತ್ತು ಅಣ್ಣ! ಪೊಟ್ಟಣ ಬಿಚ್ಚದೆ ಪಕ್ಕಕ್ಕಿಟ್ಟೆ. ಕಾದೆ. ಕೊನೆಗೂ ಚೀಲದಿಂದ ಒಂದು ಕಾಗದ ಹೊರಬಂತು.

“ಇಬ್ರೂ ಇಲ್ಲೊಂದು ಸೈನ್ ಹಾಕಿ. ಬರೀ ಫಾರ್ಮಾಲಿಟಿ.”

ಮುಜ್ತಬಾ ಇಂಗ್ಲಿಷ್ ಓದಬಲ್ಲ. ಮೊದಲಿಂದ ಕೊನೆಯವರೆಗೆ ಓದಿದ. “ನಮಗೆ ಮಾಸ್ಕು, ಗ್ಲೌಸು ಕೊಟ್ಟಿದ್ರು ಅಂತ ಬರ್ದವ್ರೆ ಕಣಣ್ಣ. ಗುಂಡೀಲಿ ಬರೀ ಮರಳಿತ್ತಂತೆ. ನಂಗೆ ಮೊದ್ಲಿಂದ್ಲೂ ಕೆಮ್ಮಿತ್ತಂತೆ!”

“ಥೂ ನಿಮ್ಮ! ನಾ ಸಹಿ ಹಾಕಂಗಿಲ್ಲ ನೋಡ್ರಿ” ಅಂದೆ.

ಏಕನಾಥನ ನಗು ಅಲ್ಲೇ ಆರಿತು. “ನಾಳೆ ಇನ್ಸ್‌ಪೆಕ್ಷನ್ ಇದೆ. ಒಂಬತ್ತಕ್ಕೆ ಮರಳಿನ ಲಾರಿ ಬರತ್ತೆ. ಅಷ್ಟರೊಳಗೆ ಆ ಕಂಬ ಬಿದ್ದಿರ್ಬೇಕು. ಇಲ್ಲಾಂದ್ರೆ, ಇಬ್ರಿಗೂ ಪೇಪರ್ಸ್ ಇಲ್ಲ ಅಂತ ನಾನೊಂದು ಫೋನ್ ಮಾಡಿದ್ರೆ ಸಾಕು.”

ಮುಜ್ತಬಾ ನನ್ನ ಮುಖ ನೋಡಿದ. ನಾನು ಕಾಗದವನ್ನು ಏಕನಾಥನ ಕೈಗೇ ವಾಪಸ್ ಕೊಟ್ಟೆ.

ಬೆಳಿಗ್ಗೆ ಇನ್ಸ್‌ಪೆಕ್ಷನ್ನಿನ ಮೇಡಂ ಬಂದಳು. ಏಕನಾಥ ಹಳೆಯ ಫೋಟೋ ತೋರಿಸುತ್ತ ಆಕೆಯನ್ನು ಸೀದಾ ಎಂಟನೆಯ ಗುಂಡಿಯ ಕಡೆ ಕರೆದೊಯ್ದ. ಇತ್ತ ಲಾರಿ ಹಿಮ್ಮುಖವಾಗಿ ನಮ್ಮ ಗುಂಡಿಯ ಅಂಚಿಗೆ ಬಂತು. ನಾನು ಸಲಿಕೆ ಎಸೆದು ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಡ್ರೈವರ್ ಅನುಮಾನಿಸಿದ. ಏಕನಾಥ ದೂರದಿಂದಲೇ ಸುರಿ ಎಂದು ಕೈ ಬೀಸಿದ.

ಮರಳು ಪಾದ ಮುಚ್ಚಿತು, ಮೊಣಕಾಲಿಗೆ ಬಂತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಪಕ್ಕದಲ್ಲಿ ಕೆಮ್ಮು ಕೇಳಿಸಿತು. ಮುಜ್ತಬಾ ಜಾರಿಕೊಂಡು ಕೆಳಗಿಳಿದು ಕಂಬದ ಇನ್ನೊಂದು ಮಗ್ಗುಲಿಗೆ ಒರಗಿ ನಿಂತಿದ್ದ. ಡ್ರೈವರ್ ಲಾರಿ ಆಫ್ ಮಾಡಿದ.

ಮೇಡಂ ತಿರುಗಿ ನೋಡಿ ಗುಂಡಿಯ ಅಂಚಿಗೆ ಬಂದಳು. ಹಿಂದಿನಿಂದ ಏಕನಾಥ ಓಡಿ ಬಂದು ಇಂಗ್ಲಿಷಿನಲ್ಲಿ ಏನೇನೋ ಒದರುತ್ತಿದ್ದ. ಮುಜ್ತಬಾ ಉತ್ತರ ಹೇಳಲು ಬಾಯಿ ತೆರೆದ, ಕೆಮ್ಮು ಬಿಡಲಿಲ್ಲ. ನನಗೆ ಬರುವುದು ನನ್ನ ಕನ್ನಡ ಒಂದೇ. ಅದರಲ್ಲೇ ಕೂಗಿದೆ:

“ಬಾರವಾ, ಕೆಳಗ ಇಳದು ಬಾ! ಈ ಕರಿಮಣ್ಣು ಮೂಸಿ ನೋಡು! ಇವನ ಕೈ ನೋಡು!”

ಮುಜ್ತಬಾ ಎರಡೂ ಅಂಗೈ ಮೇಲೆತ್ತಿ ಹಿಡಿದ. ಮೇಡಂ ಆ ಕೈ ನೋಡಿದಳು, ಕಂಬ ನೋಡಿದಳು. ಆಮೇಲೆ, ಇಳಿಯಲೋ ಬೇಡವೋ ಎಂಬಂತೆ, ತನ್ನ ಬಿಳಿ ಬೂಟುಗಳನ್ನು ನೋಡಿಕೊಂಡಳು.